ಸುಮ್ನಿರಿ ಅಂದರೂ ನಿಲ್ಲದ ಹಾಡು

(ಯೇಸು ಯೆರೂಸಲೇಮಿಗೆ ಬಂದದ್ದನ್ನು ನೆನೆಯುವ ಗರಿಗಳ ಭಾನುವಾರದ ಹಿಂದಿನ ಸಂಜೆ ನಮ್ಮ ಸಭೆಯ, ಅಂದರೆ ಚರ್ಚಿನ, ಹಾಲ್‌ನಲ್ಲಿ ಆಡಿದ ಮಾತುಗಳಿವು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಮಧ್ಯೆ ಕರೆಂಟ್ ಹೋಗಿ ಎರಡೆರಡು ಸಲ ಹೇಳಬೇಕಾಗಿ ಬಂದದ್ದನ್ನು ಇಲ್ಲಿ ಒಂದೇ ಸಲಕ್ಕೆ ಇಳಿಸಿದ್ದೇನೆ.)

ಎಲ್ಲರಿಗೂ ಸ್ತೋತ್ರ.

ನೋಡಿ, ನಾನು ಹಾಗಂದ ಕೂಡಲೇ ನೀವೆಲ್ಲ ತಿರುಗಿ ‘ಸ್ತೋತ್ರ’ ಅಂದಿರಿ. ಯಾರೂ ಯೋಚನೆ ಮಾಡಿ ಹೇಳಲಿಲ್ಲ. ನಮ್ಮಲ್ಲಿ ಅದು ನಮಸ್ಕಾರದ ಹಾಗೆ ಆಗಿಬಿಟ್ಟಿದೆ. ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರೂ ಸ್ತೋತ್ರ, ಫೋನ್ ಎತ್ತಿದರೂ ಸ್ತೋತ್ರ, ಸಾಲ ಕೇಳಲು ಬಂದವರೂ ಮೊದಲು ಸ್ತೋತ್ರ ಹೇಳಿಯೇ ಶುರು ಮಾಡುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಬಾಯಿಗೆ ರೂಢಿಯಾದ ಸ್ತೋತ್ರ ಬೇರೆ, ತಡೆದರೂ ತಡೆಯದೆ ಹೊರಗೆ ನುಗ್ಗುವ ಸ್ತೋತ್ರ ಬೇರೆ. ಇವತ್ತು ಆ ಎರಡನೆಯದರ ಬಗ್ಗೆ ಮಾತಾಡೋಣ ಅಂತ ಬಂದಿದ್ದೇನೆ.

ನಾನು ಬೆಳೆದದ್ದು ಕೋಲಾರದ ಕಡೆ. ಅಲ್ಲಿ ಬೋರ್‌ವೆಲ್ ಕೊರೆಸುವುದು ಅಂದರೆ ಒಂದು ಜೂಜು. ಲಾರಿ ಬರುತ್ತದೆ. ರಾತ್ರಿಯಿಡೀ ಸದ್ದು, ಬರೀ ಬಿಳಿ ಧೂಳು. ಐನೂರು ಅಡಿ ಆಯಿತು, ಏಳುನೂರು ಆಯಿತು. ಜಮೀನಿನ ಯಜಮಾನ ಕಲ್ಲಿನ ಮೇಲೆ ಕೂತು ಬೀಡಿ ಹಚ್ಚುತ್ತಾನೆ, ಆರಿಸುತ್ತಾನೆ. ಅಡಿಗೆ ಇಷ್ಟು ಅಂತ ಲೆಕ್ಕ ತಲೆಯಲ್ಲಿ ಓಡುತ್ತಿರುತ್ತದೆ. ಆಮೇಲೆ ಧೂಳು ನಿಧಾನಕ್ಕೆ ಕೆಸರಾಗುತ್ತದೆ. ಇದ್ದಕ್ಕಿದ್ದ ಹಾಗೆ ನೀರು ಚಿಮ್ಮುತ್ತದೆ. ‘ಬಂತು! ಬಂತು!’ ಅಂತ ಕೂಗು ಏಳುತ್ತದೆ. ಕೂಗಿ ಅಂತ ಅಲ್ಲಿ ಯಾರಿಗೂ ಯಾರೂ ಹೇಳಿಕೊಟ್ಟಿರುವುದಿಲ್ಲ. ಅಲ್ಲಿ ಎಲ್ಲರಿಗಿಂತ ಜಾಸ್ತಿ ಕೂಗುವವನು ಯಾರು ಗೊತ್ತಾ? ಹಿಂದೆ ಮೂರು ಬೋರ್ ಫೇಲ್ ಆದವನು. ಕೆಲವು ಸಲ ಅವನು ಕೂಗುತ್ತಿದ್ದಾನೋ ಅಳುತ್ತಿದ್ದಾನೋ ಗೊತ್ತಾಗುವುದೇ ಇಲ್ಲ.

ಲೂಕನು ಬರೆದ ಸುವಾರ್ತೆಯಲ್ಲಿ ಹತ್ತು ಮಂದಿ ಕುಷ್ಠರೋಗಿಗಳ ಕಥೆ ಇದೆ. ಹತ್ತೂ ಜನಕ್ಕೆ ವಾಸಿಯಾಯಿತು. ಒಬ್ಬನೇ ತಿರುಗಿ ಬಂದ. ಅವನು ಸಮಾರ್ಯದವನು, ಅಂದರೆ ಆ ಗುಂಪಿನಲ್ಲೇ ಹೊರಗಿನವನು. ‘ದೊಡ್ಡ ದನಿಯಲ್ಲಿ’ ದೇವರನ್ನು ಕೊಂಡಾಡುತ್ತಾ ಬಂದ ಅಂತ ಲೂಕ ಬರೆಯುತ್ತಾನೆ. ಆ ದೊಡ್ಡ ದನಿಯನ್ನು ಗಮನಿಸಿ. ಕುಷ್ಠರೋಗಿ ಅಂದರೆ ಆ ಕಾಲದಲ್ಲಿ ‘ಅಶುದ್ಧ, ಅಶುದ್ಧ’ ಅಂತ ಕೂಗಿಕೊಂಡು ತಿರುಗಬೇಕಿದ್ದವನು. ಜನ ದೂರ ಹೋಗಲಿ ಅಂತ ಕೂಗುತ್ತಿದ್ದ ಅದೇ ಗಂಟಲು ಅದು.

ಈಗ ನಾಳೆಯ ಹಬ್ಬಕ್ಕೆ ಬರೋಣ. ನಾಳೆ ಬೆಳಿಗ್ಗೆ ನಾವೆಲ್ಲ ಗರಿ ಹಿಡಿದು ಮೆರವಣಿಗೆ ಹೋಗುತ್ತೇವೆ. ಮಕ್ಕಳು ಗರಿಯಲ್ಲಿ ಒಬ್ಬರ ಕಿವಿಗೆ ಒಬ್ಬರು ಚುಚ್ಚುತ್ತಾರೆ, ದೊಡ್ಡವರು ಗದರುತ್ತಾರೆ. ಮೊದಲ ಮೆರವಣಿಗೆಯಲ್ಲೂ ಗದರಿದವರು ಇದ್ದರು.

ಯೇಸು ಎಣ್ಣೇಮರಗಳ ಗುಡ್ಡದಿಂದ ಇಳಿದು ಬರುತ್ತಿದ್ದಾನೆ. ಎದುರಿಗೇ ಯೆರೂಸಲೇಮು. ಪಸ್ಕ ಹಬ್ಬಕ್ಕೆ ದೂರದೂರದಿಂದ ಜನ ಬಂದಿದ್ದಾರೆ. ಶಿಷ್ಯರು ತಾವು ಕಣ್ಣಾರೆ ಕಂಡದ್ದನ್ನೆಲ್ಲ ನೆನೆದು ಜೋರಾಗಿ ದೇವರನ್ನು ಕೊಂಡಾಡಲು ಶುರು ಮಾಡುತ್ತಾರೆ. ಗುಂಪಿನಲ್ಲಿದ್ದ ಕೆಲವು ಫರಿಸಾಯರಿಗೆ, ಅಂದರೆ ಧರ್ಮದ ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದ ಯೆಹೂದ್ಯರಿಗೆ, ಕಸಿವಿಸಿ. ಊರ ತುಂಬ ರೋಮ್ ಸೈನಿಕರು, ಇವರು ನೋಡಿದರೆ ರಾಜ ಬಂದ ಅಂತ ಕೂಗುತ್ತಿದ್ದಾರೆ. ‘ಬೋಧಕನೇ, ನಿನ್ನ ಶಿಷ್ಯರನ್ನು ಗದರಿಸು’ ಅಂದರು. ಅವರನ್ನು ಖಳರು ಮಾಡುವುದು ಬೇಡ. ಅವರ ಭಯಕ್ಕೆ ಕಾರಣ ಇತ್ತು. ಅದಕ್ಕೆ ಯೇಸು ಕೊಟ್ಟ ಉತ್ತರ ನಿಮಗೆಲ್ಲ ಗೊತ್ತು. ಇವರು ಸುಮ್ಮನಾದರೆ ಕಲ್ಲುಗಳೇ ಕೂಗುತ್ತವೆ ಅಂದ.

ಆ ಕಲ್ಲಿನ ಮಾತನ್ನು ನಾವು ಚಂದದ ಉಪಮೆ ಅಂತ ದಾಟಿಬಿಡುತ್ತೇವೆ. ಸ್ವಲ್ಪ ನಿಲ್ಲಿ. ಜನ ಅಂದು ಕೂಗುತ್ತಿದ್ದ ಮಾತು ಬೈಬಲಿನ ಹಾಡುಗಳ ಪುಸ್ತಕದಲ್ಲಿರುವ 118ನೇ ಕೀರ್ತನೆಯದು. 113ರಿಂದ 118ರವರೆಗಿನ ಕೀರ್ತನೆಗಳನ್ನು ಯೆಹೂದ್ಯರು ಪಸ್ಕ ಹಬ್ಬದಲ್ಲಿ ಈಗಲೂ ಹಾಡುತ್ತಾರೆ. ಅದೇ 118ರಲ್ಲಿ, ಮನೆ ಕಟ್ಟುವವರು ಬೇಡ ಅಂತ ಬಿಸಾಡಿದ ಕಲ್ಲೇ ಮೂಲೆಗಲ್ಲಾಯಿತು ಅನ್ನುವ ಸಾಲು ಇದೆ. ಅದರ ಮೂರೇ ವಚನ ಮುಂದೆ ‘ಹೋಷಿಯಾ ನಾ’ ಅಂತ ಬರುತ್ತದೆ. ಹಾಗಂದರೆ ‘ಕಾಪಾಡು, ದಮ್ಮಯ್ಯ’. ಅದೇ ಜನರ ಬಾಯಲ್ಲಿ ಸವೆದು ‘ಹೊಸನ್ನ’ ಆಯಿತು. ಗೋಗರೆಯುವ ಮಾತು ಜೈಕಾರವಾಯಿತು. ನನಗೆ ಇದು ಯಾವಾಗಲೂ ಸೋಜಿಗ. ನಾಳೆ ನಾವು ಖುಷಿಯಲ್ಲಿ ಕೂಗುವ ಪದದ ಹೊಟ್ಟೆಯೊಳಗೆ ಒಂದು ಅಳು ಇದೆ.

ಇನ್ನೊಂದು ವಿಷಯ. ಕಲ್ಲು ಕೂಗುತ್ತದೆ ಅಂದ ಮರುಕ್ಷಣವೇ ಯೇಸು ಏನು ಮಾಡಿದ? ಊರನ್ನು ನೋಡಿ ಅತ್ತ. ಈ ಊರಿನಲ್ಲಿ ಕಲ್ಲಿನ ಮೇಲೆ ಕಲ್ಲು ನಿಲ್ಲದ ದಿನ ಬರುತ್ತದೆ ಅಂದ. ಕ್ರಿ.ಶ. 70ರಲ್ಲಿ ರೋಮ್ ಸೈನ್ಯ ದೇವಾಲಯವನ್ನು ಕೆಡವಿತು. ಅಂದರೆ ಸುತ್ತ ಜನ ಕುಣಿಯುತ್ತಿರುವಾಗ ಮಧ್ಯದಲ್ಲಿ ಕತ್ತೆಮರಿಯ ಮೇಲೆ ಕೂತವನ ಕಣ್ಣಲ್ಲಿ ನೀರು. ಅಷ್ಟಾದರೂ ಅವರನ್ನು ಸುಮ್ಮನಿರಿಸಲಿಲ್ಲ. ಸ್ತುತಿಗೂ ದುಃಖಕ್ಕೂ ಜಗಳ ಇದೆ ಅಂತ ನಾವು ಅಂದುಕೊಂಡಿರುತ್ತೇವೆ. ಆ ದಾರಿಯಲ್ಲಿ ಎರಡೂ ಒಟ್ಟಿಗೇ ಇಳಿದು ಬಂದವು.

ಬೈಬಲನ್ನು ಈ ಕಣ್ಣಿನಿಂದ ಓದಿದರೆ ‘ಸುಮ್ನಿರು’ ಅಂದವರ ಒಂದು ದೊಡ್ಡ ಸಾಲೇ ಸಿಗುತ್ತದೆ. ಯೆರಿಕೋ ದಾರಿಯ ಬದಿಯಲ್ಲಿ ಬಾರ್ತಿಮಾಯ ಅನ್ನುವ ಕುರುಡ ಭಿಕ್ಷೆ ಬೇಡುತ್ತಿದ್ದ. ಯೇಸು ಬರುತ್ತಿದ್ದಾನೆ ಅಂತ ಕೇಳಿ ಕೂಗಿದ. ಸುಮ್ನಿರಯ್ಯ ಅಂತ ಬಹಳ ಜನ ಗದರಿದರು. ಅವನು ಇನ್ನೂ ಜೋರಾಗಿ ಕೂಗಿದ. ಕಣ್ಣು ಬಂದ ಮೇಲೆ ದೇವರನ್ನು ಕೊಂಡಾಡುತ್ತಾ ಯೇಸುವಿನ ಹಿಂದೆಯೇ ನಡೆದ. ಯೆರಿಕೋದಿಂದ ಆ ದಾರಿ ಹತ್ತುವುದು ಯೆರೂಸಲೇಮಿಗೆ. ಮಾರ್ಕನ ಸುವಾರ್ತೆಯಲ್ಲಿ ಮುಂದಿನ ಅಧ್ಯಾಯವೇ ಗರಿಗಳ ಮೆರವಣಿಗೆ. ಆ ಗದ್ದಲದಲ್ಲಿ ಬಾರ್ತಿಮಾಯನ ದನಿಯೂ ಇತ್ತು ಅಂತ ನಾನು ಊಹಿಸಿಕೊಳ್ಳುತ್ತೇನೆ. ಸುಮ್ನಿರು ಅಂತ ಎರಡನೇ ಸಲ ಅನ್ನಿಸಿಕೊಂಡಾಗ ಅವನು ನಕ್ಕಿರಬೇಕು, ಅಲ್ವಾ?

ಇನ್ನೊಂದು ಕಥೆ ದಾವೀದನದು. ದೇವರ ಒಡಂಬಡಿಕೆಯ ಪೆಟ್ಟಿಗೆಯಾದ ಮಂಜೂಷವನ್ನು ಊರಿಗೆ ತರುವಾಗ ರಾಜನಾದವನು ನಾರುಮಡಿಯ ಏಫೋದು ಅನ್ನುವ ಯಾಜಕರ ಉಡುಪು ಸುತ್ತಿಕೊಂಡು ಬೀದಿಯಲ್ಲಿ ಕುಣಿದ. ಹೆಂಡತಿ ಮೀಕಲ್ ಕಿಟಕಿಯಿಂದ ನೋಡಿ ಮುಖ ಸಿಂಡರಿಸಿದಳು. ಮನೆಗೆ ಬಂದಾಗ ಚುಚ್ಚಿದಳು. ಇಂದು ರಾಜರ ಘನತೆ ಏನು ಚೆನ್ನಾಗಿತ್ತು ಅನ್ನುವ ಧಾಟಿ. ಇದಕ್ಕಿಂತ ಹಗುರವಾಗಿ ಬೇಕಾದರೂ ನಡೆದುಕೊಳ್ಳುತ್ತೇನೆ ಅಂದ ದಾವೀದ. ಪ್ರಸಂಗಗಳಲ್ಲಿ ಮೀಕಲ್‌ಗೆ ಬೈಯುವುದು ಸುಲಭ. ಆದರೆ ಅದೇ ದಾವೀದ ಅವಳನ್ನು ಪ್ರೀತಿಸುತ್ತಿದ್ದ ಇನ್ನೊಬ್ಬ ಗಂಡನಿಂದ ಬಿಡಿಸಿ ತರಿಸಿದ್ದ, ಆ ಗಂಡ ಅಳುತ್ತಾ ದಾರಿಯುದ್ದಕ್ಕೂ ಹಿಂದೆ ಬಂದಿದ್ದ ಅನ್ನುವುದೂ ಅದೇ ಪುಸ್ತಕದಲ್ಲಿದೆ. ಕಿಟಕಿಯಲ್ಲಿ ನಿಂತವರು ಯಾಕೆ ಕೆಳಗಿಳಿದು ಕುಣಿಯುವುದಿಲ್ಲ ಅನ್ನುವುದಕ್ಕೆ ಅವರದೇ ಕಥೆ ಇರುತ್ತದೆ.

ಹಾಗಾಗಿ ಇಲ್ಲಿ ಒಂದು ಮಾತು ಹೇಳಲೇಬೇಕು. ಹಿರಿಯರು ಬೇಜಾರು ಮಾಡಿಕೊಳ್ಳಬಾರದು. ಈಗ ಕೆಲವು ಕೂಟಗಳಲ್ಲಿ ಮೈಕ್ ಹಿಡಿದವರು ‘ಜೋರಾಗಿ ಹೇಳಿ! ಕೇಳಿಸಲಿಲ್ಲ! ಇನ್ನೂ ಜೋರಾಗಿ!’ ಅಂತ ಜನರ ಗಂಟಲಿನಿಂದ ಹಲ್ಲೆಲೂಯ ಎಳೆಯುತ್ತಾರೆ. ಕೈ ಎತ್ತದವರ ಕಡೆ ಒಂದು ಥರ ನೋಡುತ್ತಾರೆ. ಒಂದು ಸಲ ಇಂಥ ಕೂಟದಲ್ಲಿ ನನ್ನ ಪಕ್ಕ ಒಬ್ಬಾಕೆ ಕೂತಿದ್ದರು. ಮಗ ತೀರಿಕೊಂಡು ತಿಂಗಳೂ ಆಗಿರಲಿಲ್ಲ. ಅವರು ತಲೆ ತಗ್ಗಿಸಿ ಕೂತಿದ್ದನ್ನು ನೋಡಿ ವೇದಿಕೆಯಿಂದಲೇ ‘ಕೆಲವರಿಗೆ ಇನ್ನೂ ಬಿಡುಗಡೆ ಆಗಿಲ್ಲ’ ಅಂತ ಒಂದು ಮಾತು ಬಂತು. ಅವತ್ತು ನನಗೆ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ.

137ನೇ ಕೀರ್ತನೆ ಓದಿ. ಬಾಬೆಲಿಗೆ, ಅಂದರೆ ಬ್ಯಾಬಿಲೋನಿಗೆ, ಸೆರೆ ಹೋದ ಯೆಹೂದ್ಯರು ನದಿಯ ದಡದಲ್ಲಿ ಕೂತಿದ್ದಾರೆ. ಹಿಡಿದುಕೊಂಡು ಹೋದವರು ‘ನಿಮ್ಮೂರಿನ ಒಂದು ಹಾಡು ಹೇಳಿ ನೋಡೋಣ’ ಅಂತ ಕೇಳುತ್ತಾರೆ. ಇವರು ಕಿನ್ನರಿಗಳನ್ನು ಮರಕ್ಕೆ ನೇತುಹಾಕಿ ಸುಮ್ಮನೆ ಕೂತರು. ಪರದೇಶದಲ್ಲಿ ಕರ್ತನ ಹಾಡು ಹೇಗೆ ಹಾಡೋಣ ಅಂದರು. ಆ ಮೌನವನ್ನೂ ಕೀರ್ತನೆಗಳ ಪುಸ್ತಕದಲ್ಲಿ ಸೇರಿಸಿದ್ದಾರೆ ನೋಡಿ. ಸ್ತುತಿಗೆ ಈ ಹಟ ಇದೆ. ಹಾಡು ಅಂದರೆ ಬಾರದು. ಸುಮ್ನಿರು ಅಂದರೆ ನಿಲ್ಲದು.

ಕೀರ್ತನೆಗಳು ಅನ್ನುವ ಹೆಸರಿನ ಬಗ್ಗೆಯೂ ಒಂದು ಮಾತು. ಹೀಬ್ರೂ ಭಾಷೆಯಲ್ಲಿ ಆ ಪುಸ್ತಕ ‘ತೆಹಿಲ್ಲೀಮ್’, ಅಂದರೆ ಸ್ತುತಿಗಳು. ಹಲ್ಲೆಲೂಯ ಅನ್ನುವುದೂ ಅದೇ ಬೇರಿನಿಂದ ಬಂದ ಪದ. ಆದರೆ 150ರಲ್ಲಿ ಮೂರನೇ ಒಂದು ಪಾಲಿಗೂ ಜಾಸ್ತಿ ಅಳುವ, ದೂರುವ, ದೇವರನ್ನೇ ತರಾಟೆಗೆ ತೆಗೆದುಕೊಳ್ಳುವ ಹಾಡುಗಳು. ಅವನ್ನೆಲ್ಲ ಸೇರಿಸಿ ಕಟ್ಟಿದ ಗಂಟಿಗೆ ಸ್ತುತಿಗಳು ಅಂತ ಹೆಸರಿಟ್ಟರು. ಕನ್ನಡಕ್ಕೆ ತಂದವರು ಅದನ್ನು ‘ಕೀರ್ತನೆಗಳು’ ಅಂದರು. ದಾಸರ ಪದಗಳಿಗೆ ಇದ್ದ ಹೆಸರೇ ಬೈಬಲಿನೊಳಕ್ಕೂ ಬಂತು. ತಂಬೂರಿ, ಗೆಜ್ಜೆ, ಬೀದಿ ಎಲ್ಲ ಆ ಪದದ ಜೊತೆಗೇ ಬಂದ ಹಾಗೆ ನನಗೆ ಅನ್ನಿಸುತ್ತದೆ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್‌ನವರು ತಮ್ಮ ಜರ್ಮನ್ ರಾಗಗಳನ್ನೂ ತಂದರು, ಅವುಗಳಿಗೆ ಕನ್ನಡ ಮಾತು ಹೊಂದಿಸಿದರು. ಒಳ್ಳೆಯ ಹಾಡುಗಳೇ, ನಾವು ಹಾಡಿಯೇ ಬೆಳೆದಿದ್ದೇವೆ. ಆದರೆ ಕೆಲವು ಕಡೆ ಮಾತಿನ ಒತ್ತು ಒಂದು ಕಡೆ, ರಾಗದ ಒತ್ತು ಇನ್ನೊಂದು ಕಡೆ. ನಿಘಂಟಿನ ಕಿಟ್ಟೆಲ್ ಬೇರೆ ದಾರಿ ಹಿಡಿದರು. 1862ರಲ್ಲಿ ಯೇಸುವಿನ ಕಥೆಯನ್ನು ನಮ್ಮ ಕಾವ್ಯದ ಛಂದಸ್ಸಿನಲ್ಲೇ ‘ಕಥಾಮಾಲೆ’ ಅಂತ ಬರೆದರು. ಮುಂದೆ 1875ರಲ್ಲಿ ನಾಗವರ್ಮನ ಛಂದಸ್ಸಿನ ಗ್ರಂಥವನ್ನೇ ಸಂಪಾದಿಸಿದರು. ತಡೆಯಲಾಗದೆ ಬರುವ ಮಾತು ಅವರವರ ನಾಲಿಗೆಯ ಲಯದಲ್ಲೇ ಬರುತ್ತದೆ ಅನ್ನುವುದು ಅವರಿಗೆ ಹೊಳೆದಿತ್ತು ಅಂತ ಕಾಣುತ್ತದೆ.

ಮಾತೇ ಸಾಲದೆ ಹೋಗುವುದೂ ಉಂಟು. ಉತ್ತರ ಆಫ್ರಿಕಾದ ಹಿಪ್ಪೋ ಊರಿನ ಬಿಷಪ್ ಅಗಸ್ಟೀನ್, ಸುಮಾರು 1600 ವರ್ಷದ ಹಿಂದೆ, ಒಂದು ಕೀರ್ತನೆಯ ಮೇಲೆ ಪ್ರಸಂಗ ಮಾಡುತ್ತಾ ಇದನ್ನು ಹೇಳಿದ್ದಾನೆ. ಸುಗ್ಗಿಯಲ್ಲಿ, ದ್ರಾಕ್ಷಿ ತೋಟದಲ್ಲಿ ಕೆಲಸ ಮಾಡುವವರನ್ನು ನೋಡಿ ಅನ್ನುತ್ತಾನೆ. ಮೊದಲು ಪದ ಹೇಳಿ ಹಾಡುತ್ತಾರೆ, ಖುಷಿ ಉಕ್ಕಿದಾಗ ಪದ ಬಿಟ್ಟುಬಿಡುತ್ತಾರೆ, ಬರೀ ದನಿ ಉಳಿಯುತ್ತದೆ. ದೇವರನ್ನು ಹೇಳಲು ಮಾತು ಸಾಲದು, ಸುಮ್ಮನಿರಲೂ ಆಗದು, ಹಾಗಾದರೆ ಮಾತಿಲ್ಲದೆ ಹಾಡದೆ ಇನ್ನೇನು ಮಾಡುತ್ತೀರಿ ಅನ್ನುವುದು ಅವನ ವಾದ. ತುಳುನಾಡಿನಲ್ಲಿ ನೇಜಿ ನೆಡುವ ಹೆಂಗಸರ ‘ಓ ಬೇಲೆ’ ಕೇಳಿದವರಿಗೆ, ಭತ್ತ ಕುಟ್ಟುವವರ ‘ಸುವ್ವಿ’ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಫಿಲಿಪ್ಪಿ ಊರಿಗೆ ಹೋಗೋಣ. ಅಪೊಸ್ತಲರ ಕೃತ್ಯಗಳು, 16ನೇ ಅಧ್ಯಾಯ. ಕಣಿ ಹೇಳುತ್ತಿದ್ದ ಒಬ್ಬ ದಾಸಿಯನ್ನು, ಊರೂರಿಗೆ ಸುವಾರ್ತೆ ಸಾರುತ್ತಿದ್ದ ಪೌಲ ಅವಳನ್ನು ಹಿಡಿದಿದ್ದ ದೆವ್ವದಿಂದ ಬಿಡಿಸಿದ. ಅವಳ ಯಜಮಾನರ ಆದಾಯ ನಿಂತುಹೋಯಿತು. ಗಲಾಟೆ ಹುಟ್ಟಿದ್ದು ದುಡ್ಡಿನಿಂದ, ಬೈದದ್ದು ಧರ್ಮದ ಹೆಸರಿನಲ್ಲಿ. ಪೌಲನಿಗೂ ಅವನ ಜೊತೆಗಾರ ಸೀಲನಿಗೂ ಬಟ್ಟೆ ಕಿತ್ತು ದೊಣ್ಣೆಯಿಂದ ಹೊಡೆದರು. ಒಳಗಿನ ಸೆರೆಮನೆಗೆ ತಳ್ಳಿ ಕಾಲಿಗೆ ಕೋಳ ಹಾಕಿದರು. ಬೆನ್ನು ಒಡೆದಿದೆ, ಒರಗಿಕೊಳ್ಳಲೂ ಆಗದು. ಮಧ್ಯರಾತ್ರಿ ಅವರು ಪ್ರಾರ್ಥನೆ ಮಾಡುತ್ತಾ ಹಾಡುತ್ತಿದ್ದರು. ‘ಬೇರೆ ಕೈದಿಗಳು ಕೇಳುತ್ತಿದ್ದರು’ ಅಂತ ಒಂದು ಪುಟ್ಟ ಮಾತು ಅಲ್ಲಿದೆ.

ಆಮೇಲೆ ಭೂಕಂಪ ಆಯಿತು, ಬಾಗಿಲು ತೆರೆಯಿತು. ನಾವು ಹಾಡಿದರೆ ಬಾಗಿಲು ತೆರೆಯುತ್ತದೆ ಅಂತ ಇದನ್ನೇ ಒಂದು ಸೂತ್ರ ಮಾಡಿಕೊಂಡಿದ್ದೇವೆ. ಹಾಡಿ, ಕೆಲಸ ಸಿಗುತ್ತದೆ. ಹಾಡಿ, ವೀಸಾ ಬರುತ್ತದೆ. ಕಥೆಯಲ್ಲಿ ಹಾಗಿಲ್ಲ. ಹಾಡುವಾಗ ಅವರಿಗೆ ಭೂಕಂಪದ ಸುಳಿವೂ ಇರಲಿಲ್ಲ. ಬಾಗಿಲು ತೆರೆದ ಮೇಲೂ ಅವರು ಎದ್ದು ಓಡಲಿಲ್ಲ. ವರ್ಷಗಳ ನಂತರ ಪೌಲ ಇನ್ನೊಂದು ಸೆರೆಯಿಂದ ಅದೇ ಫಿಲಿಪ್ಪಿಯವರಿಗೆ ಕಾಗದ ಬರೆದ. ಆ ಸಲ ಯಾವ ಭೂಕಂಪವೂ ಬಂದಿರಲಿಲ್ಲ. ನಾಲ್ಕೇ ಅಧ್ಯಾಯದ ಕಾಗದ, ಪುಟಪುಟಕ್ಕೂ ಸಂತೋಷಪಡಿ, ಮತ್ತೆ ಹೇಳುತ್ತೇನೆ ಸಂತೋಷಪಡಿ ಅನ್ನುವ ಮಾತು. ಅದನ್ನು ಸಭೆಯಲ್ಲಿ ಓದಿದಾಗ ಆ ಜೈಲಿನ ಯಜಮಾನನೂ ಮನೆಮಂದಿಯ ಜೊತೆ ಅಲ್ಲೇ ಕೂತಿದ್ದನೇನೋ. ಅವತ್ತಿನ ರಾತ್ರಿ ಆ ಬೆನ್ನುಗಳನ್ನು ತೊಳೆದವನು ಅವನೇ.

ಕ್ರಿಸ್ತನ ಜನ ಹಾಡುತ್ತಿದ್ದರು ಅನ್ನುವುದಕ್ಕೆ ಹೊರಗಿನವರ ಸಾಕ್ಷಿಯೂ ಇದೆ. ಸುಮಾರು ಕ್ರಿ.ಶ. 112ರಲ್ಲಿ ರೋಮ್ ಸಾಮ್ರಾಜ್ಯದ ಬಿಥೂನ್ಯ ಪ್ರಾಂತ್ಯದ ಅಧಿಕಾರಿ ಪ್ಲಿನಿ, ಚಕ್ರವರ್ತಿ ಟ್ರೇಜನ್‌ಗೆ ಕಾಗದ ಬರೆದು, ಈ ಕ್ರೈಸ್ತರನ್ನು ಏನು ಮಾಡಲಿ ಅಂತ ಕೇಳಿದ. ವಿಚಾರಣೆಯಲ್ಲಿ ಅವನಿಗೆ ಸಿಕ್ಕ ಅಪರಾಧ ಇಷ್ಟು: ಗೊತ್ತಾದ ದಿನ ಬೆಳಕು ಹರಿಯುವ ಮೊದಲು ಸೇರುತ್ತಾರೆ, ಕ್ರಿಸ್ತನನ್ನು ದೇವರು ಅಂತ ಎಣಿಸಿ ಒಬ್ಬರಿಗೊಬ್ಬರು ಸರದಿಯಲ್ಲಿ ಹಾಡುತ್ತಾರೆ. ನಿಜ ಬಾಯಿ ಬಿಡಿಸಲು ಇಬ್ಬರು ದಾಸಿಯರಿಗೆ ಚಿತ್ರಹಿಂಸೆ ಕೊಟ್ಟೆ ಅಂತಲೂ ಬರೆದಿದ್ದಾನೆ. ಸಭೆಯಲ್ಲಿ ಸೇವಕಿಯರು ಅನ್ನಿಸಿಕೊಂಡಿದ್ದವರು ಅವರು. ಹೆಸರು ಬರೆದಿಲ್ಲ.

ದಾಸಿಯರ ಮಾತು ಬಂತಲ್ಲ, ಅಮೆರಿಕದ ಗುಲಾಮರ ಹಾಡಿನ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ತೋಟದ ಒಡೆಯರಿಗೆ ಗುಲಾಮರು ಕೆಲಸ ಮಾಡುವಾಗ ಹಾಡಬೇಕು. ಹಾಡುತ್ತಿದ್ದರೆ ಎಲ್ಲಿದ್ದಾರೆ ಅಂತ ಗೊತ್ತಾಗುತ್ತದೆ, ಕೆಲಸವೂ ಬೇಗ ಸಾಗುತ್ತದೆ. ಅದೇ ಗುಲಾಮರು ತಮ್ಮ ಪಾಡಿಗೆ ಸೇರಿ ದೇವರ ಮುಂದೆ ಹಾಡಿದರೆ ಮಾತ್ರ ಚಾಟಿ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಫ್ರೆಡರಿಕ್ ಡಗ್ಲಸ್, 1845ರಲ್ಲಿ ಪ್ರಕಟವಾದ ತನ್ನ ಆತ್ಮಕಥೆಯಲ್ಲಿ ಇದರ ಬಗ್ಗೆ ಕಟುವಾಗಿ ಬರೆದಿದ್ದಾನೆ. ಗುಲಾಮರು ಹಾಡುತ್ತಾರೆ, ಹಾಗಾಗಿ ಸುಖವಾಗಿದ್ದಾರೆ ಅಂತ ಜನ ಹೇಳುವುದನ್ನು ಕೇಳಿ ಅವನು ಬೆರಗಾಗುತ್ತಾನೆ. ಅವರು ಜಾಸ್ತಿ ಹಾಡುವುದು ದುಃಖ ಜಾಸ್ತಿಯಾದಾಗ ಅನ್ನುತ್ತಾನೆ.

ಹಾಗಾಗಿ ಅವರು ರಾತ್ರಿ ಹೊತ್ತು ಕಾಡಿನ ಒಳಗೆ, ಹಳ್ಳದ ಮರೆಯಲ್ಲಿ ಸೇರುತ್ತಿದ್ದರು. ಸದ್ದು ಒಡೆಯನ ಮನೆಗೆ ಕೇಳಿಸಬಾರದು. ಅದಕ್ಕೆ ಒಂದು ಉಪಾಯ ಮಾಡುತ್ತಿದ್ದರಂತೆ. ದೊಡ್ಡ ಕಬ್ಬಿಣದ ಪಾತ್ರೆಯೊಂದನ್ನು ಬಾಗಿಲ ಹತ್ತಿರವೋ ನಡುವಿನಲ್ಲೋ ಬೋರಲು ಹಾಕುವುದು. ಹಾಡಿನ ಸದ್ದನ್ನೆಲ್ಲ ಪಾತ್ರೆ ಹಿಡಿದುಕೊಳ್ಳುತ್ತದೆ ಅನ್ನುವ ನಂಬಿಕೆ. 1930ರ ದಶಕದಲ್ಲಿ, ಗುಲಾಮಗಿರಿಯಲ್ಲಿ ಹುಟ್ಟಿ ಇನ್ನೂ ಬದುಕಿದ್ದ ಎರಡು ಸಾವಿರಕ್ಕೂ ಹೆಚ್ಚು ವೃದ್ಧರನ್ನು ಸರ್ಕಾರದ ಯೋಜನೆಯೊಂದರಲ್ಲಿ ಮಾತಾಡಿಸಿ ಬರೆದಿಟ್ಟರು. ಅದರಲ್ಲಿ ಎಷ್ಟೋ ಜನ ಈ ಪಾತ್ರೆಯ ವಿಷಯ ಹೇಳಿದ್ದಾರೆ. ಪಾತ್ರೆ ಸದ್ದನ್ನು ಹಿಡಿಯುತ್ತದೋ ಇಲ್ಲವೋ ವಿಜ್ಞಾನದ ಮೇಷ್ಟ್ರುಗಳು ಹೇಳಲಿ. ನನಗೆ ಕಣ್ಣ ಮುಂದೆ ಬರುವುದು ಆ ಜನರ ಸಂಕಟ. ಹಾಡಿದರೆ ಬೆನ್ನು ಸುಲಿಯುತ್ತಾರೆ. ಹಾಡದೆ ಇರುವುದಂತೂ ಸಾಧ್ಯವಿಲ್ಲ. ಮಧ್ಯೆ ಒಂದು ಅಡುಗೆ ಪಾತ್ರೆ.

ಗುಲಾಮಗಿರಿ ಹೋದ ಮೇಲೆ ನ್ಯಾಶ್‌ವಿಲ್‌ನಲ್ಲಿ ಅವರ ಮಕ್ಕಳಿಗಾಗಿ ಫಿಸ್ಕ್ ಅನ್ನುವ ಶಾಲೆ ಶುರುವಾಯಿತು. ದುಡ್ಡಿಲ್ಲದೆ ಮುಚ್ಚುವ ಸ್ಥಿತಿ ಬಂದಾಗ, 1871ರಲ್ಲಿ ಒಂಬತ್ತು ಮಂದಿ ವಿದ್ಯಾರ್ಥಿಗಳು ಹಾಡಿ ಹಣ ಕೂಡಿಸಲು ಊರೂರು ಹೊರಟರು. ಅಪ್ಪ ಅಮ್ಮನ ಆ ಹಾಡುಗಳನ್ನು ಪರರ ಮುಂದೆ ಹಾಡಲು ಮೊದಲು ಅವರಿಗೆ ಮನಸ್ಸಿರಲಿಲ್ಲ. ಅವು ಮಾರುಕಟ್ಟೆಯ ಹಾಡುಗಳಲ್ಲವಲ್ಲ. ಹಾಡಿದಾಗ ಕೇಳಿದವರು ಮೂಕರಾದರು. 1873ರಲ್ಲಿ ಇಂಗ್ಲೆಂಡಿನ ರಾಣಿ ವಿಕ್ಟೋರಿಯಾ ಮುಂದೆಯೂ ಹಾಡಿದರು. ತಂಡದ ಹೆಸರು ಜೂಬಿಲಿ ಗಾಯಕರು. ಜೂಬಿಲಿ ಅಂದರೆ ಬೈಬಲಿನಲ್ಲಿ ದಾಸರಿಗೆ ಬಿಡುಗಡೆಯಾಗುವ ಐವತ್ತನೇ ವರ್ಷ. ಅವರು ಗಳಿಸಿದ ಹಣದಲ್ಲಿ ಕಟ್ಟಿದ ಜೂಬಿಲಿ ಹಾಲ್ ಈಗಲೂ ನಿಂತಿದೆ. ಕಲ್ಲು ಇಟ್ಟಿಗೆ ಕೂಗುವುದು ಅಂದರೆ ಹೀಗೂ ಇರಬಹುದು.

ಇಲ್ಲಿಗೆ ಮಾತು ಮುಗಿಸಿ ಕೂತೆ. ಸಭಾಪಾಲಕರು ಪ್ರಶ್ನೆ ಇದ್ದರೆ ಕೇಳಿ ಅಂದರು. ಒಬ್ಬ ಹುಡುಗ ಡ್ರಮ್ಸ್ ಇರಬೇಕೋ ಬೇಡವೋ ಅಂತ ಕೇಳಿದ. ದಾವೀದನನ್ನೇ ಕೇಳಪ್ಪ ಅಂದೆ. ಎಲ್ಲ ನಕ್ಕರು.

ಆಮೇಲೆ ಹಿಂದಿನ ಸಾಲಿನಿಂದ ಒಬ್ಬಾಕೆ ಎದ್ದು ನಿಂತರು. ಅರವತ್ತರ ಆಸುಪಾಸು. ‘ಅಣ್ಣ, ನೀವು ಹೇಳಿದ್ದೆಲ್ಲ ಚೆನ್ನಾಗಿದೆ. ನನಗೆ ಒಂದು ವರ್ಷದಿಂದ ಬಾಯಿಗೆ ಹಾಡೇ ಬರುತ್ತಿಲ್ಲ. ಹಾಗಾದರೆ ನನಗೆ ನಂಬಿಕೆ ಇಲ್ಲ ಅಂತಲಾ?’ ಅಂದರು.

ಹಾಲ್ ಸುಮ್ಮನಾಯಿತು. ನನಗೂ ತಕ್ಷಣ ಏನೂ ತೋಚಲಿಲ್ಲ. 88ನೇ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ, ಅದರ ಕೊನೆಯಲ್ಲಿ ಸ್ತುತಿಯ ಒಂದು ಮಾತೂ ಇಲ್ಲ, ಆದರೂ ಅದನ್ನು ಪುಸ್ತಕದಿಂದ ತೆಗೆದಿಲ್ಲ ಅಂತ ಹೇಳಿದೆ. ಆಮೇಲೆ ಫಿಲಿಪ್ಪಿಯ ಆ ಪುಟವನ್ನೇ ಮತ್ತೆ ತೆಗೆದು ಓದಿದೆ. ಹಾಡಿದವರು ಇಬ್ಬರು. ಉಳಿದ ಕೈದಿಗಳು ಕತ್ತಲೆಯಲ್ಲಿ ಕೂತು ಕೇಳಿದರು, ಅಷ್ಟೇ. ಬೇಡಿ ಕಳಚಿ ಬಿದ್ದದ್ದು ‘ಎಲ್ಲರದೂ’ ಅಂತ ಬರೆದಿದೆ, ಅಮ್ಮ. ಹಾಡಿದವರದು ಮಾತ್ರ ಅಂತ ಬರೆದಿಲ್ಲ.

ಅವರು ತಲೆ ಅಲ್ಲಾಡಿಸಿ ಕೂತರು. ಒಪ್ಪಿದರೋ ಇಲ್ಲವೋ ಗೊತ್ತಾಗಲಿಲ್ಲ.

ಮರುದಿನ ಬೆಳಿಗ್ಗೆ ಮೆರವಣಿಗೆಗೆ ಬಂದಿದ್ದರು. ಗೇಟಿನ ಹತ್ತಿರ ಒಂದು ಮಗುವಿನ ಕೈ ಹಿಡಿದು ನಿಂತಿದ್ದರು, ಮೊಮ್ಮಗು ಇರಬೇಕು. ಮಗು ಗಂಟಲು ಹರಿಯುವ ಹಾಗೆ ಹೊಸನ್ನ ಅಂತ ಕೂಗುತ್ತಿತ್ತು. ಅವರು ಹಾಡಲಿಲ್ಲ. ಮಗುವಿನ ಕೈಗೆ ಭಾರವಾಗಿದ್ದ ಗರಿಯನ್ನು ಇಸಿದುಕೊಂಡು ತಾವೇ ಎತ್ತಿ ಹಿಡಿದು ನಡೆದರು.